ಊಟದ ಹೊತ್ತಿಗೆ ಒಳಗೆ ಬಂದ ಟೈರ್‌ಗಳು

ಹಿಮ ಬೀಳಲಿ ಎಂದು ದೇವರಿಗೆ ಹರಕೆ ಹೊತ್ತುಕೊಳ್ಳುವವಳನ್ನು ಡೆಟ್ರಾಯಿಟ್ ಸುತ್ತಮುತ್ತ ಯಾರೂ ಮೆಚ್ಚುವುದಿಲ್ಲ. ಆ ಫೆಬ್ರುವರಿಯಲ್ಲಿ ನಾನು ಅಂಥವಳಾಗಿದ್ದೆ. ನಮ್ಮ ಬಡಾವಣೆಯವರೆಲ್ಲ ಈ ವರ್ಷ ಸಲಿಕೆ ಹಿಡಿಯುವ ಕೆಲಸವೇ ಇಲ್ಲವೆಂದು ಖುಷಿಯಲ್ಲಿದ್ದರೆ ನಾನು ಗಂಟೆಗೆ ನಾಲ್ಕು ಸಲ ಫೋನು ತೆಗೆದು ಹವಾಮಾನ ನೋಡುತ್ತಿದ್ದೆ. ನೋಡಿದಷ್ಟು ಬೇಗ ಅದು ಬದಲಾಗುತ್ತದೆಯೇ? ಆದರೂ ಕೈ ಸುಮ್ಮನಿರುತ್ತಿರಲಿಲ್ಲ.

ಸೌತ್‌ಫೀಲ್ಡ್‌ನಲ್ಲಿರುವ ನಮ್ಮ ಕಂಪನಿ ವಾಹನಗಳ ಬಿಡಿಭಾಗಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಆ ಸಲ ನನ್ನ ಪಾಲಿಗೆ ಬಂದದ್ದು ಟೈರ್. ಹಳ್ಳಿಗಾಡಿನಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್‌ಗಳ ಸಂಸ್ಥೆಯೊಂದು ಒಂಬತ್ತು ಆಫ್‌ರೋಡ್ ಗಾಡಿಗಳನ್ನು ಇಟ್ಟುಕೊಂಡಿತ್ತು. ಅವಕ್ಕೆ ಚಳಿಗಾಲದ ಟೈರ್ ಕೊಳ್ಳಬೇಕಿತ್ತು. ಮೂರು ಬ್ರ್ಯಾಂಡ್‌ಗಳು ಮುಂದಿದ್ದವು. ಹಿಮದ ಮೇಲೆ ಯಾವುದು ಬೇಗ ನಿಲ್ಲುತ್ತದೆ ಎಂದು ನಾವು ಹೇಳಬೇಕು, ಅವರು ಆ ಶುಕ್ರವಾರ ಆರ್ಡರ್ ಕೊಡಬೇಕು.

ಸಂಸ್ಥೆಯ ಪರವಾಗಿ ನಮ್ಮ ಜೊತೆ ಮಾತಾಡುತ್ತಿದ್ದವಳು ಒಬ್ಬ ನರ್ಸ್. ಐವತ್ತು ದಾಟಿದ ಅಮೆರಿಕನ್ ಹೆಂಗಸು, ಮಾತು ಕಡಿಮೆ. ಅವಳ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ. ಮೊದಲ ಮೀಟಿಂಗಿನಲ್ಲಿ ನಾನು ಸ್ಲೈಡು ತೋರಿಸಿ ಮುಗಿಸಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ನನಗೊಬ್ಬ ಮುದುಕ ಪೇಷಂಟ್ ಇದ್ದಾನೆ. ವಾರಕ್ಕೆ ಮೂರು ಸಲ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಬೇಕು. ಅವನ ಮನೆಗೆ ಉದ್ದನೆಯ ಇಳಿಜಾರು. ಕೆಳಗೆ ಮನೆ, ಮನೆ ಪಕ್ಕದಲ್ಲೇ ಕೊಳ. ಹೋದ ವರ್ಷ ಬ್ರೇಕ್ ಒತ್ತಿದ್ರೂ ಗಾಡಿ ನಿಲ್ಲಲಿಲ್ಲ. ಕೊಳದ ದಡದಲ್ಲೊಂದು ಮರ ಇತ್ತು, ಅದಕ್ಕೆ ಗುದ್ದಿ ನಿಂತೆ. ನೀವು ಹೇಳೋ ಟೈರು ಆ ಮರಕ್ಕಿಂತ ಮುಂಚೆ ನಿಲ್ಲುತ್ತಾ?”

ನಾನು “ಅದನ್ನು ತಿಳಿಯೋಕೇ ಟೆಸ್ಟ್ ಮಾಡ್ತಿರೋದು” ಎಂದೆ. ಹೇಳುವಾಗ ಗಂಭೀರವಾಗಿಯೇ ಹೇಳಿದ್ದೆ. ಆದರೆ ಆ ಮರ ಅವತ್ತಿನಿಂದ ನನ್ನ ತಲೆಯಲ್ಲಿ ಬೇರು ಬಿಟ್ಟಿತು.

ಹಿಮವೇನೋ ಕೊನೆಗೂ ಬಿತ್ತು. ಆಗ ಟೈರ್ ಇರಲಿಲ್ಲ. ಮೂರರಲ್ಲಿ ಒಂದು ಸೆಟ್ಟು ಇಲಿನಾಯ್‌ನ ಬೋಲಿಂಗ್‌ಬ್ರೂಕ್‌ನ ಗೋದಾಮಿನಲ್ಲಿ ಯಾವುದೋ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಗುರುವಾರ ತಲುಪಿಸುತ್ತೇವೆ ಎಂದರು. ಗುರುವಾರ ಮಧ್ಯಾಹ್ನದಿಂದ ನಲವತ್ತು ಡಿಗ್ರಿ ಮತ್ತು ಮಳೆ ಎಂದು ಹವಾಮಾನದವರು ಹೇಳುತ್ತಿದ್ದರು. ಇಲ್ಲಿನ ಲೆಕ್ಕ ಫ್ಯಾರನ್‌ಹೀಟಿನದು, ಮೂವತ್ತೆರಡು ದಾಟಿದರೆ ಹಿಮ ಕರಗುತ್ತದೆ. ಮಳೆ ಬಿದ್ದ ಟ್ರ್ಯಾಕ್ ಹಿಮದ ಟ್ರ್ಯಾಕಲ್ಲ, ಅಂಬಲಿ. ಭಾನುವಾರ ಬೆಳಿಗ್ಗೆ ನಾನೂ ನಮ್ಮ ಟೆಕ್ನಿಷಿಯನ್ನೂ ಕಂಪನಿಯ ಪಿಕಪ್ ತೆಗೆದುಕೊಂಡು ಹೊರಟೆವು. ಹೋಗಲು ಮುನ್ನೂರು ಮೈಲಿಯ ಹತ್ತಿರ, ಬರಲು ಅಷ್ಟೇ.

ಟೆಕ್ನಿಷಿಯನ್ ದೊಡ್ಡ ದೇಹದ, ಸಣ್ಣ ದನಿಯ ಮನುಷ್ಯ. ನನ್ನನ್ನು ‘ಬಾಸ್’ ಎಂದು ಕರೆದು ರೇಗಿಸುವುದು ಅವನ ರೂಢಿ. ವಾಪಸು ಬರುವಾಗ ಸ್ಟಿಯರಿಂಗ್ ಮೇಲಿದ್ದ ಅವನ ಬಲಗೈಯ ಎರಡು ಬೆರಳುಗಳ ತುದಿ ಬಿಳಚಿಕೊಂಡಿದ್ದನ್ನು ನೋಡಿ ಕೇಳಿದೆ. ಹಿಂದೊಂದು ಚಳಿಗಾಲದಲ್ಲಿ ಹೊರಗೆ ನಟ್ಟು ಬಿಗಿಯುತ್ತ ಬೆರಳು ಹೆಪ್ಪುಗಟ್ಟಿದ್ದವಂತೆ. ಅಂದಿನಿಂದ ಚಳಿ ತಾಗಿದರೆ ಸ್ಪರ್ಶವೇ ತಿಳಿಯುವುದಿಲ್ಲವಂತೆ. “ಅಭ್ಯಾಸವಾಗಿದೆ, ಬಾಸ್” ಎಂದು ನಕ್ಕ. ಇವನಿಗೆ ಒಂದು ದಿನ ಬಿಸಿ ಬಿಸಿ ಊಟ ಹಾಕಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ನಮ್ಮ ರಾಣೆಬೆನ್ನೂರಿನ ಮನೆಯಲ್ಲಿ ಕೆಲಸಕ್ಕೆ ಬಂದವರನ್ನು ಉಣ್ಣಿಸದೆ ಕಳಿಸುವ ಪದ್ಧತಿಯೇ ಇರಲಿಲ್ಲ. ಆ ಪದ್ಧತಿ ನನ್ನೊಡನೆ ಮಿಷಿಗನ್‌ಗೂ ಬಂದಿದೆ.

ಟೆಸ್ಟ್ ನಡೆಯುವ ಟ್ರ್ಯಾಕ್ ಡೆಟ್ರಾಯಿಟ್‌ನಿಂದ ಉತ್ತರಕ್ಕೆ ಒಂದೂವರೆ ಗಂಟೆಯ ದಾರಿ. ಮಂಗಳವಾರ ಬೆಳಿಗ್ಗೆ ಅಲ್ಲಿ ಹನ್ನೆರಡು ಡಿಗ್ರಿ ಇತ್ತು. ನಮಗೆ ಬೇಕಾದ್ದೂ ಅದೇ.

ಕ್ರಮ ಹೀಗೆ. ಟೈರ್‌ಗಳ ಪಕ್ಕದಲ್ಲಿರುವ ಹೆಸರಿನ ಮೇಲೆ ಟೇಪ್ ಅಂಟಿಸಿ ಹಳದಿ, ಕೆಂಪು, ನೀಲಿ ಎಂದು ಬಣ್ಣ ಹಚ್ಚುತ್ತೇವೆ. ಓಡಿಸುವವರಿಗೆ ಬ್ರ್ಯಾಂಡ್ ಗೊತ್ತಾಗಬಾರದು. ನಾಲ್ಕನೆಯದು ಬಿಳಿ ಸೆಟ್ಟು. ಅದು ಸ್ಪರ್ಧೆಯಲ್ಲಿಲ್ಲ, ಅಳತೆಗೋಲು. ಪ್ರತಿ ಬ್ರ್ಯಾಂಡಿನ ಮೊದಲೂ ಆಮೇಲೂ ಬಿಳಿಯನ್ನು ಓಡಿಸಬೇಕು. ಬಿಳಿಯ ಅಂಕಿ ಬದಲಾಗಿದ್ದರೆ ಬದಲಾದದ್ದು ಟ್ರ್ಯಾಕು ಎಂದು ಅರ್ಥ. ಒಂದೊಂದು ಸೆಟ್ಟಿಗೂ ಗಂಟೆಗೆ ಇಪ್ಪತ್ತೈದು ಮೈಲಿ ವೇಗದಿಂದ ಹತ್ತು ಸಲ ಪೂರ್ತಿ ಬ್ರೇಕ್, ಪ್ರತಿ ಸಲ ಹೊಸ ಹಿಮದ ಪಟ್ಟಿಯ ಮೇಲೆ. ಒಂದು ಸೆಟ್ಟು ಮುಗಿದ ಕೂಡಲೇ ಟ್ರ್ಯಾಕನ್ನು ಬಾಚಿ ಸಮ ಮಾಡಿ, ಚೂಪಾದ ಒಂದು ತೂಕವನ್ನು ಅಳತೆಯ ಎತ್ತರದಿಂದ ಬೀಳಿಸಿ, ಅದು ಎಷ್ಟು ಒಳಗಿಳಿಯಿತು ಎಂದು ನೋಡಿ ಹಿಮದ ಗಟ್ಟಿತನ ಬರೆದುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮ: ಟೈರ್‌ಗಳು ಹಿಂದಿನ ಸಂಜೆಯಿಂದ ಹೊರಗೇ ಇರಬೇಕು. ಗಾಳಿಯನ್ನೂ ಹೊರಗೇ, ಮೂವತ್ತೈದು ಪಿಎಸ್‌ಐ ಒತ್ತಡಕ್ಕೆ ಹಿಡಿದು ತುಂಬಬೇಕು. ಚಳಿಗೆ ಎಲ್ಲರೂ ಸಮಾನರು.

ಗಾಡಿ ಓಡಿಸುತ್ತಿದ್ದವರು ನಿವೃತ್ತ ಟೆಸ್ಟ್ ಡ್ರೈವರ್, ಎಪ್ಪತ್ತರ ಹತ್ತಿರದವರು. ಅವರ ಕಾಲು ಮಾಪಕವಿದ್ದಂತೆ, ಹತ್ತು ಸಲವೂ ಒಂದೇ ಒತ್ತಡ. ಬಿಳಿ, ಹಳದಿ, ಮತ್ತೆ ಬಿಳಿ ಮುಗಿಯುವಷ್ಟರಲ್ಲಿ ಹನ್ನೆರಡೂವರೆ ಆಯಿತು. ಬಿಳಿ ಎಪ್ಪತ್ತನಾಲ್ಕು ಅಡಿಯಲ್ಲಿ ನಿಂತಿತ್ತು, ಹಳದಿ ಎಪ್ಪತ್ತೊಂದರಲ್ಲಿ. ಮುಂದಿನದು ಕೆಂಪು, ದಪ್ಪ ದಪ್ಪ ಗ್ರಿಪ್ಪಿನ, ನೋಡಿದರೇ ಭಯವಾಗುವಂಥ ಜಟ್ಟಿ ಟೈರು.

ಟೆಕ್ನಿಷಿಯನ್ ಅದನ್ನು ಹಾಕಲು ಬಗ್ಗಿದ. ಗ್ಲೌಸ್ ಬಿಚ್ಚಿದಾಗ ಬೆರಳುಗಳು ಮೇಣದ ಬಣ್ಣವಾಗಿದ್ದವು. ನನಗೆ ತಡೆಯಲಾಗಲಿಲ್ಲ.

“ಸಾಕು, ಬಿಡು. ಗಾಡೀನೂ ಈ ಕೆಂಪು ಚಕ್ರಗಳನ್ನೂ ಶೆಡ್ಡಿನೊಳಗೆ ತಗೊಂಡು ಬಾ. ಮೊದಲು ಊಟ. ಆಮೇಲೆ ಬೆಚ್ಚಗೆ ನಿಂತು ಹಾಕು.”

“ಒಳಗಾ, ಬಾಸ್?” ಎಂದು ಒಂದು ಕ್ಷಣ ನನ್ನ ಮುಖ ನೋಡಿದ.

“ಹೌದು, ಒಳಗೆ. ರೊಟ್ಟಿ ತಣ್ಣಗಾಗ್ತಿದೆ.”

ಅವನು ಮತ್ತೆ ಕೇಳಲಿಲ್ಲ. ನಾನು ಬೆಳಗಿನ ಜಾವ ಎದ್ದು ಬಡಿದಿದ್ದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಶೆಡ್ಡಿನ ಹೀಟರ್ ಭರ್ರೆಂದು ಬಿಸಿಗಾಳಿ ಊದುತ್ತಿತ್ತು. ಡ್ರೈವರ್ ಸಾಹೇಬರು ಎಣ್ಣೆಗಾಯಿಯ ಬದನೆಕಾಯಿಯನ್ನು ತೊಟ್ಟು ಹಿಡಿದು ಎತ್ತಿ ಪರೀಕ್ಷಿಸಿ ಬಾಯಿಗಿಟ್ಟರು. ಟೆಕ್ನಿಷಿಯನ್ ಮೂರು ರೊಟ್ಟಿ ತಿಂದ, ಚಟ್ನಿಯನ್ನು ಬೆರಳಿನಿಂದ ನೆಕ್ಕಿದ. ಅವನ ಬೆರಳಿಗೆ ಬಣ್ಣ ಮರಳಿದ್ದನ್ನು ನೋಡಿ ನನಗೆ ಆ ವಾರದಲ್ಲಿ ಮೊದಲ ಸಲ ಸಮಾಧಾನವಾಯಿತು. ಮುಕ್ಕಾಲು ಗಂಟೆಯ ಊಟ ಒಂದೂಕಾಲು ಗಂಟೆಯಾಯಿತು. ಕೆಂಪು ಟೈರ್‌ಗಳು ಅಷ್ಟು ಹೊತ್ತೂ ಹೀಟರಿನ ಬಾಯಿಗೆ ಎದುರಾಗಿ ಗೋಡೆಗೆ ಒರಗಿದ್ದವು. ನೋಡಿದೆ. ನೋಡಿಯೂ ಕಾಣಲಿಲ್ಲ.

ಊಟವಾದ ಮೇಲೆ ಟೆಕ್ನಿಷಿಯನ್ ಅಲ್ಲೇ ಒಳಗೆ ಅವನ್ನು ಹಾಕಿ, ಗಾಳಿಯನ್ನು ಮೂವತ್ತೈದಕ್ಕೆ ಹಿಡಿದ. ಮಧ್ಯಾಹ್ನ ಕೆಂಪು ಓಡಿತು. ಆಮೇಲೆ ಬಿಳಿ, ನೀಲಿ, ಮತ್ತೆ ಬಿಳಿ. ಕತ್ತಲಾಗುವ ಮೊದಲು ಮುಗಿಸಬೇಕೆಂದು ನಾನು ಎಲ್ಲರ ಬೆನ್ನು ಹತ್ತಿದ್ದೆ. ಕೆಂಪಿನ ಸರಾಸರಿ ಅರವತ್ತನಾಲ್ಕು ಅಡಿ, ನೀಲಿಯದು ಅರವತ್ತಾರು. ಕೆಂಪು ಗೆದ್ದಿತ್ತು.

ನಮ್ಮ ಮ್ಯಾನೇಜರ್ ಮೈಸೂರಿನವರು. ಟ್ರ್ಯಾಕಿನಿಂದಲೇ ಫೋನಿನಲ್ಲಿ ಅಂಕಿ ಹೇಳಿದೆ.

“ಸೂಪರ್ ಮೇಡಂ. ಪ್ರಿಲಿಮಿನರಿ ಅಂತ ಈಗ್ಲೇ ಕಳಿಸ್ಬಿಡ್ತೀನಿ. ಪಾಪ, ಆ ನರ್ಸ್ ದಿನಾ ಫೋನ್ ಮಾಡ್ತಿದಾರೆ.”

“ಕಳಸ್ರಿ” ಎಂದೆ.

ಹೇಳಿದ್ದೇ ತಡ, ಒಳಗೆ ಏನೋ ಕುಟುಕತೊಡಗಿತು. ನೀಲಿ ಟೈರಿನ ರಬ್ಬರು ಚಳಿಗೆಂದೇ ಮಾಡಿದ ಮೆತ್ತನೆಯ ರಬ್ಬರು, ಮೈತುಂಬ ಕೂದಲೆಳೆಯಂಥ ಸೀಳುಗಳು. ಕೆಂಪು ಕಲ್ಲುಮಣ್ಣಿಗೆ ಹುಟ್ಟಿದ್ದು, ಚಳಿಯಲ್ಲಿ ಸೆಟೆದುಕೊಳ್ಳುವಂಥದ್ದು. ಅದು ಹೇಗೆ ಗೆದ್ದಿತು? ಗೆಲ್ಲಬಾರದೆಂದೇನೂ ಇಲ್ಲ, ನಾವು ಟೆಸ್ಟ್ ಮಾಡುವುದೇ ನಮ್ಮ ಊಹೆ ತಪ್ಪಿರಬಹುದೆಂದು. ಹಾಗೆಂದು ನನಗೇ ಉಪನ್ಯಾಸ ಕೊಟ್ಟುಕೊಳ್ಳುತ್ತ ಮನೆಗೆ ಬಂದೆ. ಪಾತ್ರೆ ತೊಳೆದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಬುಧವಾರ ಬೆಳಿಗ್ಗೆ ಡೈನಿಂಗ್ ಟೇಬಲ್ಲಿನ ಮೇಲೆ ಕಾಗದಗಳನ್ನು ಹರಡಿಕೊಂಡೆ. ಕೆಂಪಿನ ಹತ್ತು ಸ್ಟಾಪ್‌ಗಳನ್ನು ಒಂದೊಂದಾಗಿ ನೋಡಿದರೆ ಮೊದಲನೆಯದು ಅರವತ್ತು ಅಡಿ, ಕೊನೆಯದು ಎಪ್ಪತ್ತು. ಬೇರೆ ಯಾವ ಸೆಟ್ಟೂ ಹೀಗೆ ಜಾರುತ್ತ ಹೋಗಿರಲಿಲ್ಲ. ಟೆಕ್ನಿಷಿಯನ್ ಪೆನ್ಸಿಲಿನಲ್ಲಿ ಬರೆದಿದ್ದ ಗಾಳಿಯ ಹಾಳೆ ತೆಗೆದೆ. ಹಳದಿ: ಹೋಗುವಾಗ ಮೂವತ್ತೈದು, ಬಂದಾಗ ಮೂವತ್ತಾರು. ನೀಲಿಯೂ ಹಾಗೇ. ಓಡಿದ ಟೈರು ಬಿಸಿಯಾಗುತ್ತದೆ, ಗಾಳಿ ಒಂದಿಷ್ಟು ಏರುತ್ತದೆ. ಕೆಂಪು: ಹೋಗುವಾಗ ಮೂವತ್ತೈದು, ಬಂದಾಗ ಮೂವತ್ತೊಂದು. ನಾಲ್ಕೂ ಚಕ್ರ. ನಾಲ್ಕೂ ಒಟ್ಟಿಗೆ ಪಂಚರ್ ಆಗಲು ಸಾಧ್ಯವೇ?

ಆ್ಯನ್ ಆರ್ಬರ್‌ನ ಆಸ್ಪತ್ರೆಗೆ ಹೊರಟಿದ್ದ ನನ್ನ ಗಂಡ ಗ್ಯಾರೇಜಿನಿಂದ ಕಾರು ಹೊರತೆಗೆದವನು ಗೊಣಗುತ್ತ ವಾಪಸು ಬಂದ.

“ಟೈರಿನ ಲೈಟ್ ಮತ್ತ ಹತ್ತೇತಿ ನೋಡು. ಗ್ಯಾರೇಜಿನ್ಯಾಗ ಇದ್ದಾಗ ಎಲ್ಲಾ ಸರಿ ಇರ್ತೈತಿ. ಹೊರಗ ಬಂದು ಸ್ವಲ್ಪ ಹೊತ್ತಿಗೆ ಗಾಳಿ ಕಡಿಮಿ ಐತಿ ಅಂತೈತಿ. ಪಂಪ್ ಎಲ್ಲಿ ಇಟ್ಟಿ?”

ನಾನು ಅವನನ್ನೇ ನೋಡುತ್ತ ಕೂತೆ. ಬೆಚ್ಚಗಿದ್ದಾಗ ತುಂಬಿದ ಗಾಳಿ ಚಳಿಗೆ ಹೋದರೆ ಕುಗ್ಗುತ್ತದೆ. ಹೀಟರಿನ ಮುಂದೆ ಕೂತು ಕೆಂಪು ಟೈರು ನಮ್ಮ ಜೊತೆ ಊಟ ಮಾಡಿತ್ತು. ಮೆತ್ತಗಾದ ರಬ್ಬರಿನಲ್ಲಿ ಮೊದಲ ಸ್ಟಾಪ್‌ಗಳಲ್ಲಿ ಮೆರೆದು, ಚಳಿ ಹಿಡಿದ ಹಾಗೆಲ್ಲ ತನ್ನ ನಿಜವಾದ ಯೋಗ್ಯತೆಗೆ ಇಳಿದಿತ್ತು.

“ಯಾಕ, ಏನಾತು?” ಎಂದ ಗಂಡ.

“ರೊಟ್ಟಿ ತಿನ್ಸಾಕ ಹೋಗಿ ಟೆಸ್ಟ್ ಕೆಡಿಸೀನಿ” ಎಂದೆ. ಅವನಿಗೆ ಅರ್ಥವಾಗಲಿಲ್ಲ. ವಿವರಿಸುವ ತಾಳ್ಮೆ ನನಗಿರಲಿಲ್ಲ.

ಆಫೀಸಿನಲ್ಲಿ ಮ್ಯಾನೇಜರ್ ಹಾಳೆ ನೋಡಿ ತಲೆ ಹಿಡಿದುಕೊಂಡರು.

“ಅಯ್ಯೋ ಮೇಡಂ, ಏನ್ ಮಾಡ್ಬಿಟ್ರಿ. ಈಗ ಏನ್ ಹೇಳೋದು ಅವ್ರಿಗೆ? ಡಿಫರೆನ್ಸ್ ಎರಡೇ ಅಡಿ ಅಲ್ವಾ? ಫೈನಲ್ ರಿಪೋರ್ಟಲ್ಲಿ ‘ಎರಡೂ ಸರಿಸುಮಾರು ಒಂದೇ’ ಅಂತ ಬರ್ದುಬಿಡೋಣ. ಯಾರಿಗೂ ನೋವಾಗಲ್ಲ.”

“ಒಂದೇ ಅಲ್ರೀ. ಹತ್ತನೇ ಸ್ಟಾಪ್ ನೋಡ್ರಿ, ಎಪ್ಪತ್ತು. ಅದೂ ಇನ್ನೂ ಪೂರ್ತಿ ತಣ್ಣಗಾಗಿಲ್ಲ.”

“ನಾಳೆ ಮಧ್ಯಾಹ್ನ ಮಳೆ ಇದೆ. ಟ್ರ್ಯಾಕ್ ಬೇರೆಯವ್ರಿಗೆ ಬುಕ್ ಆಗಿದೆ. ಎಲ್ಲಿ ಮಾಡ್ತೀರಾ?”

ನಾನು ಕಿಟಕಿಯ ಹತ್ತಿರ ಹೋದೆ, ವಾಪಸು ಬಂದೆ, ಮತ್ತೆ ಹೋದೆ. ಅವರು ಕೆಟ್ಟವರಲ್ಲ. ಕಂಪನಿಯ ಹೆಸರು ಉಳಿಸುವುದು ಅವರ ಕೆಲಸ. ಆ ಎರಡು ನಿಮಿಷ ನನಗೂ ಅವರ ದಾರಿ ಹಿತವೆನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಕಿಟಕಿಯಾಚೆ ಪಾರ್ಕಿಂಗ್ ಲಾಟಿನ ಅಂಚಿನಲ್ಲೊಂದು ಮರವಿತ್ತು. ಅದನ್ನು ನೋಡಿದ ಮೇಲೆ ಉಳಿದದ್ದು ತಾನಾಗಿ ಆಯಿತು. ಫೋನು ತೆಗೆದು ನರ್ಸ್‌ಗೆ ಮಾಡಿದೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ಖುಷಿಯಿಂದ ಹೇಳಿದಳು: “ಒಳ್ಳೇ ಸಮಯಕ್ಕೆ ಮಾಡಿದ್ರಿ. ನಿಮ್ಮ ಮೇಲ್‌ನಲ್ಲಿ ಗೆದ್ದಿದೆ ಅಂದ ಆ ಕೆಂಪು ಗುರುತಿನ ಬ್ರ್ಯಾಂಡು ಇಲ್ಲೇ ಅಂಗಡೀಲಿ ಒಂದು ಸೆಟ್ಟು ಸಿಕ್ತು. ಬೆಳಿಗ್ಗೇನೇ ನನ್ನ ಗಾಡಿಗೆ ಹಾಕಿಸಿದೆ. ನಾಳೆ ಎಂಟಕ್ಕೆ ಮುದುಕನ ಮನೆಗೆ ಹೋಗ್ತೀನಿ. ಈ ಸಲ ಮರದ ಭಯ ಇಲ್ಲ.”

ತಡವರಿಸಿದರೆ ಹೇಳಲು ಆಗುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದೆ. “ಟೆಸ್ಟ್ ತಪ್ಪಾಗಿದೆ. ತಪ್ಪು ನನ್ನದು. ಆ ಟೈರನ್ನು ನಂಬಿ ಇಳಿಜಾರು ಇಳಿಯಬೇಡಿ.”

ಅವಳು ಕೇಳಿದಳು: “ಹಾಗಾದ್ರೆ ಯಾವುದು?”

“ಗೊತ್ತಿಲ್ಲ. ನಾಳೆ ಬೆಳಿಗ್ಗೆ ಗೊತ್ತಾಗುತ್ತೆ. ಮುದುಕನ ಭೇಟಿ ಸ್ವಲ್ಪ ಮುಂದಕ್ಕೆ ಹಾಕಿ, ಗಾಡಿ ತಗೊಂಡು ಟ್ರ್ಯಾಕಿಗೆ ಬನ್ನಿ.”

“ಹನ್ನೊಂದಕ್ಕಿಂತ ತಡ ಮಾಡೋಕಾಗಲ್ಲ. ಗಾಯ ಕಾಯಲ್ಲ” ಎಂದು ಇಟ್ಟಳು.

ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ನಿಟ್ಟುಸಿರು ಬಿಟ್ಟು ತಮ್ಮ ಫೋನು ತೆಗೆದರು. ಟ್ರ್ಯಾಕಿನವರ ಜೊತೆ ಅರ್ಧ ಗಂಟೆ ಗೋಗರೆದು, ಬೇರೆಯವರು ಬರುವ ಮೊದಲಿನ ಎರಡೂವರೆ ಗಂಟೆ ಬಿಡಿಸಿಕೊಟ್ಟರು. ಬೈದರೋ ಎಂದರೆ ಬೈಯಲೂ ಇಲ್ಲ, ಅದೇ ನನಗೆ ಕಷ್ಟವಾಯಿತು.

ಟೆಕ್ನಿಷಿಯನ್ ಅಂದೇ ಮಧ್ಯಾಹ್ನ ಟ್ರ್ಯಾಕಿಗೆ ಹೋಗಿ ಎಲ್ಲ ಸೆಟ್ಟುಗಳನ್ನೂ ಶೆಡ್ಡಿನ ಹೊರಗಿನ ಸ್ಟ್ಯಾಂಡಿಗೆ ಏರಿಸಿದ. ಸಂಜೆ ಫೋನಿನಲ್ಲಿ ಅವನ ದನಿ ಇನ್ನೂ ಸಣ್ಣದಾಗಿತ್ತು. “ಬಾಸ್, ನಾನು ಆಗಲೇ ಗಟ್ಟಿಯಾಗಿ ಹೇಳಬೇಕಿತ್ತು. ನೀವು ಊಟ ತಂದಿದ್ರಿ. ಹೇಗೆ ಬೇಡ ಅನ್ನಲಿ?”

“ನೀನು ಬರೆದ ಅಂಕಿಯಿಂದಲೇ ನನಗೆ ತಿಳಿದದ್ದು” ಎಂದೆ. ಅವನಿಗೆ ಹೇಳಬಹುದಾಗಿದ್ದ ನಿಜ ಅದೊಂದೇ ಇತ್ತು.

ಗುರುವಾರ ಬೆಳಿಗ್ಗೆ ಏಳೂವರೆಗೆ ಬೆಳಕು ಹರಿಯಿತು. ಹದಿನಾರು ಡಿಗ್ರಿ. ನೈರುತ್ಯದಿಂದ ಆಗಲೇ ಗಾಳಿ ಬೀಸುತ್ತಿತ್ತು, ಮೋಡ ಕೆಳಗಿಳಿದಿತ್ತು. ಹಳದಿಯ ಅಳತೆಯಲ್ಲಿ ದೋಷವಿಲ್ಲದ್ದರಿಂದ ಅದನ್ನು ಬಿಟ್ಟೆವು. ಬಿಳಿ, ಕೆಂಪು, ಬಿಳಿ, ನೀಲಿ, ಬಿಳಿ. ಯಾರೂ ಶೆಡ್ಡಿನ ಬಾಗಿಲು ಮುಟ್ಟಲಿಲ್ಲ. ನರ್ಸ್ ತನ್ನ ಗಾಡಿಯನ್ನು ಬೇಲಿಯ ಪಕ್ಕ ನಿಲ್ಲಿಸಿ, ಕೋಟಿನ ಜೇಬಿಗೆ ಕೈಯಿಳಿಬಿಟ್ಟು ನೋಡುತ್ತಿದ್ದಳು.

ಬಿಳಿ ಎಪ್ಪತ್ತನಾಲ್ಕಕ್ಕೆ ನಿಂತಿತು. ಅಲ್ಲಿಗೆ ಟ್ರ್ಯಾಕು ಮಂಗಳವಾರದ್ದೇ. ಆಮೇಲೆ ಕೆಂಪು. ಮೊದಲ ಸ್ಟಾಪಿಗೇ ಗಾಡಿ ಅರವತ್ತನಾಲ್ಕರ ಬಳಿ ನೆಟ್ಟಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನನ್ನು ದಾಟಿ ಮುಂದೆ ಜಾರಿತು. ಎಪ್ಪತ್ತೆರಡು ಅಡಿ. ಎರಡನೆಯದು ಎಪ್ಪತ್ತೆರಡು, ಮೂರನೆಯದು ಎಪ್ಪತ್ಮೂರು. ಹತ್ತು ಸಲವೂ ಒಂದೇ ಕಥೆ. ನರ್ಸ್ ಆ ಕೋನನ್ನೇ ನೋಡುತ್ತಿದ್ದಳು. ಮತ್ತೆ ಬಿಳಿ, ಆಮೇಲೆ ನೀಲಿ. ಅದು ಅರವತ್ತೈದರ ಆಸುಪಾಸಿನಲ್ಲಿ ಹತ್ತು ಸಲವೂ ನಿಂತಿತು. ಕೊನೆಯ ಬಿಳಿ ಎಪ್ಪತ್ತೈದು. ಅಷ್ಟರಲ್ಲಿ ಉಷ್ಣಾಂಶ ಇಪ್ಪತ್ತೆಂಟಕ್ಕೆ ಏರಿತ್ತು, ಹಿಮ ಬೂಟಿಗೆ ಅಂಟತೊಡಗಿತ್ತು. ಒಂದರ್ಧ ಗಂಟೆ ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಟೆಸ್ಟ್ ಸೆಟ್ಟುಗಳು ಕೊನೆಗೆ ಸಂಸ್ಥೆಗೇ ಸೇರಬೇಕಾದವು, ಗಾಡಿಯೂ ಅದೇ ಮಾಡೆಲ್. “ನೀಲಿಯನ್ನು ಇವರ ಗಾಡಿಗೆ ಹಾಕು” ಎಂದೆ. ಟೆಕ್ನಿಷಿಯನ್ ಅಲ್ಲೇ ಹಿಮದಲ್ಲಿ ಮಂಡಿಯೂರಿದ.

“ಈಗ ಒಳಗೆ ಹೋಗಿ ಹಾಕಬಹುದು, ಮಾರಾಯ. ಟೆಸ್ಟ್ ಮುಗೀತಲ್ಲ.”

“ಬೇಡ ಬಾಸ್, ನಿಮ್ಮ ಶೆಡ್ಡಿನ ಸಹವಾಸ ಸಾಕು” ಎಂದು ಅವನು ನಟ್ಟು ಬಿಗಿದ. ನಾನು ಮಂಡಿಯೂರಿ ಒಂದೊಂದೇ ನಟ್ಟು ಅವನ ಅಂಗೈಗೆ ಇಡುತ್ತ ಹೋದೆ, ಬೆರಳಿಗೆ ತಿಳಿಯದಿದ್ದರೆ ಬೀಳದಿರಲಿ ಎಂದು. ನಾಲ್ಕು ಚಕ್ರಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ಹೊರಡುವ ಮೊದಲು ನರ್ಸ್ ಕಿಟಕಿ ಇಳಿಸಿದಳು. “ಮರಕ್ಕಿಂತ ಮುಂಚೆ ನಿಲ್ಲುತ್ತಾ?” ಅದೇ ಪ್ರಶ್ನೆ.

“ನಾವು ಅಳೆದದ್ದು ಸಮತಟ್ಟಿನಲ್ಲಿ. ಇಳಿಜಾರಿನಲ್ಲಿ ಇಪ್ಪತ್ತೈದರ ವೇಗದಲ್ಲಿದ್ರೆ ಇದೂ ನಿಲ್ಲದೇ ಇರಬಹುದು. ಐದರಲ್ಲಿ ಇಳೀರಿ. ಮೇಲೆಯೇ ಒಂದು ಸಲ ಬ್ರೇಕ್ ಒತ್ತಿ ನೋಡಿ. ಜಾರಿದ್ರೆ ಗಾಡಿ ಅಲ್ಲೇ ಬಿಟ್ಟು ನಡೆದು ಹೋಗಿ.”

“ಸರಿ. ಮಂಗಳವಾರ ಕಳಿಸಿದ ಮೇಲ್‌ಗಿಂತ ಇದು ಚೆನ್ನಾಗಿದೆ” ಎಂದು ಕಿಟಕಿ ಏರಿಸಿದಳು.

ನಾನು ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ತೆರೆದು ವರದಿ ಬರೆಯಲು ಕೂತೆ. ಬರೆದದ್ದು ಕಡಿಮೆ, ಗಡಿಯಾರ ನೋಡಿದ್ದು ಹೆಚ್ಚು. ತಪ್ಪಿನ ಕಾರಣ ಬರೆಯುವ ಜಾಗದಲ್ಲಿ ಹೀಗೆ ಬರೆದೆ: ಟೆಸ್ಟ್ ಎಂಜಿನಿಯರ್ ಊಟದ ಸಲುವಾಗಿ ಎರಡನೆಯ ಸೆಟ್ಟನ್ನು ಬೆಚ್ಚಗಿನ ಶೆಡ್ಡಿನೊಳಗೆ ತರಿಸಿದ್ದರಿಂದ ಮೊದಲ ಅಳತೆ ಅಮಾನ್ಯ. ಕರಡು ಓದಿ ಮ್ಯಾನೇಜರ್ ಫೋನ್ ಮಾಡಿದರು.

“ಮೇಡಂ, ಆ ‘ಊಟದ ಸಲುವಾಗಿ’ ಅನ್ನೋದೊಂದು ತೆಗೀರಿ. ಓದೋಕೆ ಒಂಥರಾ ಇದೆ.”

“ತೆಗೆಯಂಗಿಲ್ರೀ. ಆಗಿದ್ದು ಅದ. ನಾಳೆ ಇನ್ನೊಬ್ಬಾಕಿ ಊಟ ತರ್ತಾಳ, ಆಕಿಗೆ ಗೊತ್ತಾಗ್ಲಿ.”

ಅವರು ನಕ್ಕರು. ಎರಡು ದಿನದಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಹನ್ನೊಂದಾಯಿತು. ಹನ್ನೊಂದೂಕಾಲು ಆಯಿತು. ತಗಡಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದ ಸದ್ದು ಕೇಳಿತು. ಒಣ ಹಿಮದ ಮೇಲೆ ಮಳೆ ಬಿದ್ದರೆ ಇಳಿಜಾರು ಗಾಜಾಗುತ್ತದೆ, ನನಗೆ ಗೊತ್ತು. ಟೆಕ್ನಿಷಿಯನ್ ಉಳಿದ ಚಟ್ನಿಯ ಡಬ್ಬಿ ಮುಂದಿಟ್ಟ, ನಾನು ಮುಟ್ಟಲಿಲ್ಲ. ಹೋಗಿ ಬಾಗಿಲಲ್ಲಿ ನಿಂತೆ. ಮತ್ತೆ ಒಳಗೆ ಬಂದೆ. ಅವಳು ಓಡಿಸುತ್ತಿದ್ದರೆ ಫೋನ್ ಮಾಡಬಾರದು, ಮಾಡದೆ ಇರಲೂ ನನಗೆ ಆಗುತ್ತಿರಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಅವಳೇ ಮಾಡಿದಳು.

“ಮೇಲೆ ಒಂದು ಸಲ ಬ್ರೇಕ್ ಒತ್ತಿ ನೋಡಿದೆ, ಹಿಡೀತು. ಐದರಲ್ಲಿ ಇಳಿದೆ. ನಿಂತಾಗ ಮರಕ್ಕೂ ನನಗೂ ನಡುವೆ ಎರಡು ಗಾಡಿಯಷ್ಟು ಜಾಗ ಇತ್ತು. ಡ್ರೆಸ್ಸಿಂಗ್ ಮುಗೀತು.”

ನಾನು ಗೋಡೆಗೆ ಒರಗಿದೆ. ಕಣ್ಣು ತುಂಬಿ ಬಂತು, ಟೆಕ್ನಿಷಿಯನ್ ನೋಡುತ್ತಿದ್ದರೂ ಒರೆಸಿಕೊಳ್ಳಲಿಲ್ಲ. “ಹಾಗಾದ್ರೆ ಹೊರಡಿ, ಮಳೆ ಜೋರಾಗೋ ಮೊದಲು ಮೇಲೆ ಹತ್ತಿಬಿಡಿ” ಎಂದೆ.

“ಹೊರಟಿದ್ದೆ. ಗಾಡಿ ಮೇಲೆ ಹತ್ತಿಸಿಯೂ ಆಯ್ತು, ರಸ್ತೆ ಪಕ್ಕ ನಿಲ್ಲಿಸಿದ್ದೀನಿ. ಮುದುಕ ಕೆಳಗೆ ಬಾಗಿಲಲ್ಲಿ ನಿಂತು ಕೂಗ್ತಿದ್ದಾನೆ. ಸೂಪ್ ಬಿಸಿ ಮಾಡಿದ್ದಾನಂತೆ, ನಾಲ್ಕು ಚಮಚ ಕುಡಿದು ಹೋಗು ಅಂತಿದ್ದಾನೆ. ಈ ಜನಕ್ಕೆ ಏನು ಹೇಳೋದು?”

“ನಡೆದು ಇಳಿದು ಹೋಗಿ ಕುಡೀರಿ” ಎಂದೆ. “ಟೈರು ಮಾತ್ರ ಹೊರಗೇ ಇರಲಿ.”